ಅಳಿಯನ ಕ್ಯಾಮೆರಾ ಹಾಕಿದ ತಾರೀಖು

ಹೊಸಪೇಟೆಯ ನಮ್ಮ ಓಣಿಗೆ ಮೊದಲ ಡಿಜಿಟಲ್ ಕ್ಯಾಮೆರಾ ತಂದವನು ನನ್ನ ಹಿರಿಯ ಅಳಿಯ. ಆಗ ಅವನು ಸಂಡೂರಿನ ಕಡೆ, ವಡ್ಡು ಹತ್ತಿರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವಾರಕ್ಕೊಮ್ಮೆ ಹೆಂಡತಿ, ಕೂಸನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದ. ಬಂದವನಿಗೆ ಮೊದಲು ನೀರು, ಆಮೇಲೆ ಕುರ್ಚಿ, ಆಮೇಲೆ ಚಹಾ. ಕ್ಯಾಮೆರಾ ಬಂದ ಮೇಲೆ ಅದಕ್ಕೂ ಒಂದು ಆಸನ ಬೇಕಾಯಿತು. ಸ್ಟೂಲಿನ ಮೇಲೆ ಟವೆಲ್ ಹಾಸಿ ಅದನ್ನು ಮಲಗಿಸುತ್ತಿದ್ದ. ನನ್ನ ಮಗಳು ಬಾಣಂತಿಯಾಗಿದ್ದಾಗ ಅವಳಿಗೆ ಅಷ್ಟು ಮೆತ್ತಗೆ ಹಾಸಿದ್ದನ್ನು ನಾನಂತೂ ಕಾಣಲಿಲ್ಲ.

ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ, ಎದುರು ಮಾತಾಡುವುದೂ ಇಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಅಂತ ಅವನು ಅಂದರೆ ಹೆಚ್ಚಾಗಿದೆ, ಅಷ್ಟೆ. ಮುಖದೆದುರು ‘ನೀವು’ ಅನ್ನುತ್ತಿದ್ದೆ. ಈಗ ಬರೆಯುವಾಗ ‘ಅವನು’ ಅನ್ನುತ್ತೇನೆ. ಕಾಗದದ ಮುಂದೆ ನಾನು ಕುರ್ಚಿಯಲ್ಲೇ ಕೂತಿದ್ದೇನೆ.

ಕ್ಯಾಮೆರಾ ಸಾಬೂನಿನ ಡಬ್ಬಿಯಷ್ಟಿತ್ತು. ಗುಂಡಿ ಒತ್ತಿದರೆ ಕೊಂಯ್ ಅಂತ ನರಳಿ ಮೂತಿ ಹೊರಗೆ ಚಾಚುತ್ತಿತ್ತು. ಕೆಲಸಕ್ಕೂ ಅದನ್ನು ಒಯ್ಯುತ್ತಿದ್ದುದರಿಂದ ಅದಿರಿನ ಕೆಂಪು ಧೂಳು ಸಂದಿಯಲ್ಲಿ ಸೇರಿ ಒಮ್ಮೊಮ್ಮೆ ಮೂತಿ ಅರ್ಧಕ್ಕೇ ನಿಲ್ಲುತ್ತಿತ್ತು. ಆಗ ಅಳಿಯ ಒಲೆ ಊದಿದ ಹಾಗೆ ಅದಕ್ಕೆ ಊದುತ್ತಿದ್ದ. ಖರೇ ಒಲೆಯನ್ನು ಒಂದು ದಿನವೂ ಊದಿದವನಲ್ಲ. ಗುಂಡಿ ಒತ್ತಿದ ಕೂಡಲೇ ಫೋಟೋ ಬೀಳುತ್ತಲೂ ಇರಲಿಲ್ಲ. ಅದು ಸ್ವಲ್ಪ ಹೊತ್ತು ವಿಚಾರ ಮಾಡುತ್ತಿತ್ತು. ನಾವು ಹಲ್ಲು ಕಿರಿದು ನಿಂತು, ಸಾಕಾಗಿ ಬಾಯಿ ಮುಚ್ಚಿದ ಮೇಲೆ ಹೊಡೆಯುತ್ತಿತ್ತು. ಹಾಗಾಗಿ ಆ ವರ್ಷಗಳ ನಮ್ಮ ಮನೆಯ ಫೋಟೋಗಳಲ್ಲಿ ಎಲ್ಲರೂ ಮಣ್ಣಿಗೆ ಹೋಗಿ ಬಂದವರ ಹಾಗೆ ಇದ್ದೇವೆ.

ಅದರ ಹಸಿವು ಬೇರೆ. ಒಂದು ಸಲಕ್ಕೆ ನಾಲ್ಕು ಪೆನ್ಸಿಲ್ ಸೆಲ್ಲು. ಹತ್ತು ಫೋಟೋ ತೆಗೆದರೆ ನಾಲ್ಕೂ ಸತ್ತವು. ನಮ್ಮ ಟಿವಿ ರಿಮೋಟಿನ ಸೆಲ್ಲು ಹೋಯಿತು, ಗೋಡೆ ಗಡಿಯಾರದ ಸೆಲ್ಲು ಹೋಯಿತು. ಸೆಲ್ಲು ಬದಲಿಸಿದಾಗೆಲ್ಲ ಅದರ ಪುಟ್ಟ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಬರುತ್ತಿತ್ತು. ಅಳಿಯ ಓದದೆ ಟಕಟಕ ಒತ್ತಿ ಅದನ್ನು ಓಡಿಸುತ್ತಿದ್ದ. ಬಿ.ಎ. ಮುಗಿಸಿದ್ದ ನನ್ನ ಕಿರಿ ಮಗಳು ಅದೇನು ಕೇಳುತ್ತದೆ ಅಂದರೆ, ಅದು ಸಿಸ್ಟಮ್ಮಿನ ವಿಷಯ, ನಿನಗೆ ತಿಳಿಯುವುದಿಲ್ಲ ಅನ್ನುತ್ತಿದ್ದ.

ಆ ಕಿರಿಯವಳಿಗೇ ಆಗ ಗಂಡು ನೋಡುತ್ತಿದ್ದೆವು. ಎಮ್ಮಿಗನೂರಿನ ನನ್ನ ಸೋದರಮಾವ ಕಂಪ್ಲಿಯಲ್ಲಿ ಒಂದು ಮನೆ ತೋರಿಸಿದ. ಅಕ್ಕಿ ಗಿರಣಿಯವರು, ಹುಡುಗನಿಗೆ ಯಾವ ಚಟವೂ ಇಲ್ಲ. ನನ್ನ ಮಗಳಿಗೆ ಬೇಕಾದದ್ದು ಬೇರೆ. ಅವಳಿಗೆ ಬಿ.ಎಡ್. ಮಾಡಿ ಟೀಚರ್ ಆಗಬೇಕಿತ್ತು. ಅದಕ್ಕೆ ಮೊದಲು ಬಂದ ಮೂರು ಮನೆಯವರು ಓದು ಅಂದ ಕೂಡಲೇ ಚಹಾದ ಲೋಟ ಕೆಳಗಿಟ್ಟಿದ್ದರು. ಲಗ್ನ ಆದ ಮೇಲೆ ಓದಿಸುತ್ತೇವೆ ಅಂತ ಮಾವನ ಕೈಲಿ ಹೇಳಿ ಕಳಿಸಿದ ಮನೆ ಇದೊಂದೇ. ಹುಡುಗನ ಫೋಟೋ ಕೊಟ್ಟು ಕಳಿಸಿ, ಹುಡುಗಿಯ ಫೋಟೋ ಕಳಿಸಿ, ಮೆಚ್ಚಿದರೆ ಬರುತ್ತೇವೆ ಅಂದಿದ್ದರು.

ಸ್ಟುಡಿಯೋಗೆ ಕರೆದೊಯ್ಯುತ್ತೇನೆ ಅಂದೆ. ಅಳಿಯನ ಮುಖ ಬಾಡಿತು. ಮನೆಯಲ್ಲಿ ಡಿಜಿಟಲ್ ಇರುವಾಗ ಸ್ಟುಡಿಯೋ ಯಾಕೆ, ಅಲ್ಲಿ ಹಿಂದೆ ಬಟ್ಟೆಯ ಪರದೆ, ಹಂಪಿಯಲ್ಲಿ ತೆಗೆದರೆ ದೇಶವಿದೇಶದವರು ಬಂದು ನೋಡುವ ಕಲ್ಲೇ ಹಿಂದೆ ಇರುತ್ತದೆ ಅಂದ. ಕಂಪ್ಲಿಯವರು ಕಲ್ಲು ನೋಡುತ್ತಾರೋ ಹುಡುಗಿ ನೋಡುತ್ತಾರೋ ಅಂತ ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಮನೆಯವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಬುತ್ತಿ ಕಟ್ಟಿಕೊಂಡು ಎಲ್ಲರೂ ಹಂಪಿಗೆ ಹೋದೆವು.

ಬಿಸಿಲು ಹಂಗಿತ್ತು, ಕ್ಯಾಮೆರಾದ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಅಳಿಯ ತಲೆಯ ಮೇಲೆ ಟವೆಲ್ ಹೊದ್ದು, ನೆಗಡಿ ಆದವನು ಹಬೆ ತಗೊಂಡ ಹಾಗೆ ಅದರೊಳಗೆ ಇಣುಕುತ್ತಿದ್ದ. ಮೊದಲ ಫೋಟೋದಲ್ಲಿ ಹುಡುಗಿಯ ಕಣ್ಣು ಮುಚ್ಚಿತ್ತು, ಎರಡನೆಯದರಲ್ಲಿ ತಲೆಯೇ ಇರಲಿಲ್ಲ, ಮೂರನೆಯದರಲ್ಲಿ ಕಲ್ಲು ಭಾಳ ಚಂದ ಬಂದಿತ್ತು. ಅಷ್ಟೊತ್ತಿಗೆ ಒಳಗಿನ ಕಾರ್ಡು ತುಂಬಿತು. ಉಗುರಿನಷ್ಟು ಕಾರ್ಡು, ಹಿಡಿಸುವುದು ಹದಿನಾರು ಫೋಟೋ. ಅವತ್ತಿನ ಮೂರರಲ್ಲೂ ಕಲ್ಲು ಬಂದಿದೆ ಅಂತ ಅಳಿಯ ಅವನ್ನು ಬಿಡಲಿಲ್ಲ, ಹೊಸದು ತೆಗೆಯಬೇಕಾದರೆ ಹಳೆಯದು ಯಾರದ್ದಾದರೂ ಅಳಿಸಬೇಕು. ಮಂಟಪದ ನೆರಳಲ್ಲಿ ಕೂತು ಯಾರನ್ನು ಅಳಿಸುವುದು ಅಂತ ಪಂಚಾಯಿತಿ ನಡೆಯಿತು. ಅಳಿಯನ ಮೋಟಾರ್ ಸೈಕಲ್ಲಿನ ಫೋಟೋ ನಾಲ್ಕಿದ್ದವು, ಅವನ್ನು ಯಾರೂ ಮುಟ್ಟಲಿಲ್ಲ. ಮೊದಲು ನಾನು ಹೋದೆ. ಆಮೇಲೆ ನಮ್ಮ ಮನೆಯವರು. ಅತ್ತೆ ಮಾವಂದಿರು ಎದುರಿಗೇ ಕೂತಿರುವಾಗ ಹೀಗೆ ಒಂದು ಬೆರಳಲ್ಲಿ ಒರೆಸಿ ಹಾಕಿದ ಅಳಿಯ ಇನ್ನೊಬ್ಬನನ್ನು ನಾನು ನೋಡಿಲ್ಲ.

ಕೊನೆಗೆ ಒಂದು ಸರಿಯಾಗಿ ಬಿತ್ತು. ಹುಡುಗಿ ಮೆಟ್ಟಿಲ ಮೇಲೆ ಕೂತು ನಕ್ಕಿದ್ದಳು. ಕ್ಯಾಮೆರಾ ವಿಚಾರ ಮಾಡುವಷ್ಟರಲ್ಲಿ ಅಳಿಯನ ಕೂಸು ಅಂಬೆಗಾಲಿಟ್ಟು ಬಂದು ಚಿಕ್ಕಮ್ಮನ ಸೆರಗು ಹಿಡಿದುಬಿಟ್ಟಿತು. ಮೂಲೆಯಲ್ಲಿ ಅದರ ಮುಖವೂ ಬಿತ್ತು. ಇನ್ನೊಂದು ತೆಗೆಯೋಣ ಅನ್ನುವಷ್ಟರಲ್ಲಿ ಸೆಲ್ಲು ಸತ್ತವು.

ಹೊಸಪೇಟೆಯ ಕಲರ್ ಲ್ಯಾಬಿನಲ್ಲಿ ಅದನ್ನು ಅಚ್ಚು ಹಾಕಿಸಿ ತಂದ. ಫೋಟೋದ ಕೆಳಗೆ ಕಿತ್ತಳೆ ಬಣ್ಣದ ಅಂಕಿಗಳಿದ್ದವು. ನಾಲ್ಕನೇ ಕ್ಲಾಸು ಓದಿದ ನಾನು ಫೋಟೋದ ನಂಬರು ಅಂದುಕೊಂಡೆ. ಮಗಳು ಮಾತ್ರ ಕೂಡಲೇ ಹೇಳಿದಳು, ಭಾವಾರ, ತಾರೀಖು ತಪ್ಪಾಗಿದೆ, ನಾಲ್ಕು ವರ್ಷ ಹಿಂದಿನ ಜನವರಿ ಒಂದು ಬಿದ್ದಿದೆ ಅಂತ. ಅಳಿಯ ಫೋಟೋ ಕೆಳಗಿಟ್ಟ. ಕೊಟ್ಟಿದ್ದ ಚಹಾ ಕುಡಿಯಲಿಲ್ಲ. ನಾನು ಮಗಳನ್ನು ಅಡುಗೆಮನೆಗೆ ಎಳೆದು ಗದರಿಸಿದೆ. ತಪ್ಪು ಅವಳದಲ್ಲ ಅಂತ ಗೊತ್ತಿತ್ತು. ಆದರೂ ಗದರಿಸಿದೆ. ಅಳಿಯ ಚಹಾ ಬಿಟ್ಟ ಅನ್ನುವುದು ನನಗೆ ದೊಡ್ಡದಾಯಿತು. ಫೋಟೋ ಹಾಗೇ ಕಂಪ್ಲಿಗೆ ಹೋಯಿತು.

ಎಂಟು ದಿನಕ್ಕೆ ಸೋದರಮಾವ ಕಂಪ್ಲಿ ಬಸ್ಸಿನಿಂದ ಇಳಿದು ನೇರ ನಮ್ಮ ಮನೆಗೆ ಬಂದ. ಅವತ್ತು ಅಳಿಯನೂ ಇದ್ದ. ಮಾವ ಊಟ ಮುಗಿಯುವವರೆಗೆ ಏನೂ ಹೇಳಲಿಲ್ಲ. ಅದರಿಂದಲೇ ನನಗೆ ಅರ್ಧ ತಿಳಿಯಿತು. ಕೈ ತೊಳೆದು ಬಂದು ಮಜ್ಜಿಗೆಯ ಲೋಟ ಹಿಡಿದು ಕೂತು ಹೇಳಿದ:

“ಫೋಟೋ ನಾಕು ವರ್ಷ ಹಿಂದಿನದಂತ ನೋಡವಾ. ಒಂದೋ ಹುಡುಗಿ ವಯಸ್ಸು ಮುಚ್ಚೀರಿ, ಇಲ್ಲಾ ನಾಕು ವರ್ಷದಿಂದ ಊರೂರು ತಿರುಗಿ ಯಾರಿಗೂ ಬ್ಯಾಡಾದ ಫೋಟೋ ನಮಗ ಕಳ್ಸೀರಿ ಅಂತಾರ. ಮೂಲ್ಯಾಗಿನ ಕೂಸು ಈಗ ಸಾಲಿಗೆ ಹೋಗ್ತಿರಬೇಕಲ್ಲ ಅಂತನೂ ಕೇಳಿದ್ರು.”

ಮಗಳು ಬಾಗಿಲ ಹಿಂದೆ ನಿಂತಿದ್ದಳು. ಸಾಲಿಗೆ ಹೋಗಬೇಕಾದ ಕೂಸು ಹಾಲ್‌ನಲ್ಲಿ ಅಂಬೆಗಾಲಿಟ್ಟು ಮಾವನ ಚಪ್ಪಲಿ ನೆಕ್ಕಲು ಹೊರಟಿತ್ತು.

ಅಳಿಯನಿಗೆ ಹುಡುಗಿಯ ಚಿಂತೆ ಬರಲಿಲ್ಲ, ಕ್ಯಾಮೆರಾದ ಮಾನದ ಚಿಂತೆ ಬಂತು. ಅದು ಕಂಪ್ಯೂಟರಿನ ಜಾತಿಯದು, ತಪ್ಪು ತಾರೀಖು ಹಾಕುವುದಿಲ್ಲ, ಲ್ಯಾಬಿನವನು ಏನೋ ಮಾಡಿರಬೇಕು, ಇಲ್ಲವೇ ಕಂಪ್ಲಿಯವರಿಗೆ ಓದಲು ಬರುವುದಿಲ್ಲ ಅಂದ. ಮಾವ ನನ್ನ ಕಡೆ ನೋಡಿದ. ನಾನು ಅಡುಗೆಮನೆಯ ಬಾಗಿಲಲ್ಲಿ, ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ದೆ. ಹೋಗಿ ಕೂಸನ್ನು ಎತ್ತಿಕೊಂಡೆ. ಅಳಿಯನ ಎದುರಿಗೆ ಖಾಲಿ ಇದ್ದ ಕುರ್ಚಿಯಲ್ಲಿ ಕೂತೆ.

“ಅಳಿಯಾರ, ನಿಮ್ಮ ಲಗ್ನ ಆಗಿ ಎರಡು ವರ್ಷ. ಕ್ಯಾಮೆರಾ ಹೇಳೋದು ಖರೇ ಆದ್ರ ಈ ಕೂಸು ನಿಮ್ಮ ಲಗ್ನಕ್ಕಿಂತ ಎರಡು ವರ್ಷ ಮೊದ್ಲ ಹುಟ್ಟೇತಿ. ಅದನ್ನ ಕಂಪ್ಲಿಗೆ ಹೋಗಿ ನೀವ ಹೇಳ್ತೀರೋ, ನಾನು ಹೇಳ್ಲೋ?”

ಮಾವನಿಗೆ ಮಜ್ಜಿಗೆ ನೆತ್ತಿಗೆ ಏರಿತು. ನಮ್ಮ ಮನೆಯವರು ಎದ್ದು ಹೊರಗೆ ಹೋಗಿ ಗೋಡೆಯ ಕಡೆ ತಿರುಗಿ ನಿಂತರು. ಅವರ ಹೆಗಲು ಅಲುಗಾಡುತ್ತಿತ್ತು. ಹಿರಿ ಮಗಳು ಮೊದಲು ನನ್ನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಗಂಡನನ್ನು. ಅಳಿಯ ಕ್ಯಾಮೆರಾ ತಿರುವಿ ಸೆಲ್ಲಿನ ಮುಚ್ಚಳ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, ಸೆಲ್ಲು ತೆಗೆದರೆ ಅದಕ್ಕೆ ತಾರೀಖು ಮರೆಯುತ್ತದೆ ಅಂತ ಕಾಣುತ್ತದೆ, ಆ ಪ್ರಶ್ನೆ ಅದೇ ಇರಬೇಕು ಅಂದ. ಇರಬೇಕು ಅಂತೆ.

ಮರುದಿನವೇ ಅವನನ್ನು ಮಾವನ ಜೊತೆ ಕಂಪ್ಲಿಗೆ ಅಟ್ಟಿದೆ. ಅಲ್ಲಿ ಗಿರಣಿಯ ಆಫೀಸಿನಲ್ಲಿ, ಎಲ್ಲರ ಮುಂದೆ ಸೆಲ್ಲು ತೆಗೆದು, ಮತ್ತೆ ಹಾಕಿ, ಹಳೆಯ ಜನವರಿ ಒಂದು ಹೇಗೆ ಬರುತ್ತದೆ ಅಂತ ತೋರಿಸಿದನಂತೆ. ಒಂದಲ್ಲ, ಮೂರು ಸಲ ತೋರಿಸಲು ಹೇಳಿದರಂತೆ. ಅಷ್ಟು ದಿನದಲ್ಲಿ ಆ ಕ್ಯಾಮೆರಾ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದು ಅವತ್ತೊಂದೇ ದಿನ. ಅದೂ ತನ್ನ ತಪ್ಪು ಒಪ್ಪಿಕೊಳ್ಳಲು.

ಮುಂದಿನ ವಾರ ಕಂಪ್ಲಿಯವರು ಬಂದರು. ಹುಡುಗ ಚಪ್ಪಲಿ ಬಿಡಲು ಬಗ್ಗಿದ. ನೆತ್ತಿ ತೊಳೆದಿಟ್ಟ ಪರಾತದ ಹಾಗೆ ಹೊಳೆಯಿತು. ಅವರು ನಮಗೆ ಕಳಿಸಿದ್ದ ಸ್ಟುಡಿಯೋ ಫೋಟೋದಲ್ಲಿ ಅವನ ತಲೆಯ ತುಂಬ ಗುಂಗುರು ಕೂದಲಿತ್ತು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟು ಅವರು ಅರ್ಧ ತಿನ್ನುವವರೆಗೆ ಸುಮ್ಮನಿದ್ದೆ. ಆಮೇಲೆ ಆ ಫೋಟೋ ತಂದು ಹುಡುಗನ ತಾಯಿಯ ಮುಂದೆ ಇಟ್ಟೆ.

“ಅಕ್ಕಾರ, ಇದ್ರ ಮ್ಯಾಲೆ ತಾರೀಖು ಇಲ್ಲಲ್ರಿ?”

ಸ್ಟುಡಿಯೋದ ಲೈಟು ಹಾಗಿರುತ್ತದೆ ಅಂತ ಏನೋ ಶುರು ಮಾಡಿದಳು. ಹುಡುಗ ಅವಳ ಮಾತು ನಿಲ್ಲಿಸಿದ. ಅವನ ಎರಡೂ ಕಿವಿ ಕೆಂಪಾಗಿದ್ದವು. ಡಿಗ್ರಿ ಮುಗಿಸಿದ ವರ್ಷದ್ದು, ಆರು ವರ್ಷ ಆಯಿತು, ಕಳಿಸಬೇಡ ಅಂತ ಅವ್ವನಿಗೆ ಹೇಳಿದ್ದೆ ಅಂದ. ನಾಲ್ಕು ವರ್ಷಕ್ಕೆ ನಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದವರು ಆರು ವರ್ಷ ಬಚ್ಚಿಟ್ಟುಕೊಂಡು ಕೂತಿದ್ದರು.

ನಾನು ಒಳಗೆ ಹೋಗಿ ಮಗಳನ್ನು ಕೇಳಿದೆ, ತಲೆ ನೋಡಿದೆಯಾ ಅಂತ.

“ನೋಡಿದೆ. ಕೇಳಿದ ಕೂಡ್ಲೆ ಖರೇ ಹೇಳಿದ. ಭಾವನ ಬಾಯಿಂದ ಖರೇ ಹೊರಡ್ಸಾಕ ಕೂಸನ್ನ ಸಾಕ್ಷಿ ತರಬೇಕಾತು. ಬಿ.ಎಡ್. ಮಾತು ಇನ್ನೊಮ್ಮೆ ಎಲ್ಲರ ಮುಂದ ಹೇಳ್ಸು, ಆಮ್ಯಾಲೆ ಹೂಂ ಅನ್ನು.”

ಹೊರಗೆ ಬಂದು ಕೇಳಿದೆ. ತಾಯಿ ಮಾತಾಡುವುದಕ್ಕೆ ಮೊದಲೇ ಹುಡುಗ, ಬಳ್ಳಾರಿಯ ಕಾಲೇಜಿಗೆ ತಾನೇ ಅರ್ಜಿ ತಂದು ಕೊಡುತ್ತೇನೆ ಅಂದ. ತಂದೆ ಹೌದು ಅಂದರು. ಎಲ್ಲರ ಮುಂದೆ. ನಾನು ಹೂಂ ಅಂದೆ.

ಎಲೆ ಅಡಿಕೆಯ ತಟ್ಟೆ ಎರಡೂ ಕಡೆಯವರ ಕೈಯಲ್ಲಿತ್ತು. ಅಳಿಯ ಗಡಬಡಿಸಿ ಎದ್ದು ಕ್ಯಾಮೆರಾ ಚೀಲದಿಂದ ತೆಗೆದ, ಎಲ್ಲರೂ ಹಾಗೇ ನಿಲ್ಲಿರಿ ಅಂದ. ಅದರ ಮೂತಿ ಕೊಂಯ್ ಅಂತ ಹೊರಗೆ ಬರತೊಡಗಿತು.

“ಕುಂದ್ರಿ ಅಳಿಯಾರ,” ಅಂದೆ.

ಕೂತ.