ಅಕ್ಕ ಬಿಟ್ಟ ಬದನೆಕಾಯಿ

ಅಕ್ಕನ ಮುಂದಿದ್ದ ಬದನೆಕಾಯಿಯ ದೊನ್ನೆಯನ್ನು ನಮ್ಮ ಭಾವ ಎತ್ತಿ ತಮ್ಮ ಕಡೆಗೆ ಇಟ್ಟುಕೊಂಡರು. ‘ನೀನು ಮುಟ್ಟಬೇಡ, ಬಿಟ್ಟಿದ್ದೀಯ’ ಎಂದರು. ಆಮೇಲೆ ಅದನ್ನು ತಾವೇ ತಿಂದರು.

ಇದು ಯಾರೋ ಹೇಳಿದ ಕತೆಯಲ್ಲ, ನಾನೇ ಕಣ್ಣಾರೆ ಕಂಡದ್ದು. ಅದೂ ನಾನೇ ಕರೆದುಕೊಂಡು ಹೋದ ಹೋಟೆಲಿನಲ್ಲಿ, ನಾನೇ ಆರ್ಡರ್ ಮಾಡಿದ ಊಟದಲ್ಲಿ. ಇಷ್ಟು ದಿನವಾದರೂ ಸಿಟ್ಟು ಇಳಿದಿಲ್ಲ. ಈ ವಾರ ನಮ್ಮ ಗಲ್ಲಿಯ ಕೋತಿಗಳ ಬಗ್ಗೆ ಬರೆಯಬೇಕೆಂದಿದ್ದೆ. ಕೋತಿಗಳು ಕಾಯಲಿ. (ಭಾವ ಓದಿದರೆ ಏನು ಗತಿ ಎನ್ನುತ್ತೀರಾ? ಅವರು ಇಂಗ್ಲಿಷ್ ಪೇಪರಿನವರು. ನಾದಿನಿಯ ಅಂಕಣ ಅವರ ಲೆಕ್ಕದಲ್ಲಿ ಹೆಂಗಸರ ಹರಟೆ.)

ನಿಮಗೆ ಗೊತ್ತಿರುವ ಹಾಗೆ ನಾವಿರುವುದು ಕಾಶಿಯಲ್ಲಿ, ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ. ನಮ್ಮ ಮನೆಯವರದು ಪೌರೋಹಿತ್ಯ. ಊರ ಕಡೆಯಿಂದ ಬರುವ ಯಾತ್ರಿಕರಿಗೆ ಅವರು ಸ್ನಾನದ ಸಂಕಲ್ಪ, ಶ್ರಾದ್ಧ ಮಾಡಿಸುತ್ತಾರೆ, ನಾನು ಅಡುಗೆ ಮಾಡಿ ಬಡಿಸುತ್ತೇನೆ. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ಅಕ್ಕನನ್ನು ಕರೆಯುತ್ತಲೇ ಇದ್ದೆ. ಭಾವ ಹಾಸನದಲ್ಲಿ ಹೈಸ್ಕೂಲ್ ಹೆಡ್‌ಮಾಸ್ತರರು. ಅವರಿಗೆ ಬಿಡುವಾಗಬೇಕು, ಅವರಿಗೆ ಮನಸ್ಸಾಗಬೇಕು, ಆಮೇಲೆ ತಾನೇ ಅಕ್ಕನಿಗೆ ಕಾಶಿ? ಅಂತೂ ರಿಟೈರ್ ಆದ ಮೇಲೆ ಬಂದರು.

ನಮ್ಮಕ್ಕ ಶಾರದೆಗೆ ಬದನೆಕಾಯಿ ಎಂದರೆ ಪ್ರಾಣ. ಚಿಕ್ಕವರಿದ್ದಾಗ ಅಮ್ಮ ಕೆಂಡದಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡಿದರೆ, ಪಾತ್ರೆ ಬಳಿದು ತಿನ್ನುವ ಹಕ್ಕು ಅಕ್ಕನದು. ನಾವ್ಯಾರೂ ಜಗಳಕ್ಕೆ ಹೋಗುತ್ತಿರಲಿಲ್ಲ. ಮದುವೆಯಾಗಿ ಹೋದ ಮನೆಯಲ್ಲಿ ಬದನೆಕಾಯಿ ನಂಜು ಎಂದು ಭಾವ ತೀರ್ಪು ಕೊಟ್ಟರು. ಅಲ್ಲಿಗೆ ಮುಗಿಯಿತು. ಅವರು ಪರೀಕ್ಷೆ ಡ್ಯೂಟಿಗೆಂದು ಪರ ಊರಿಗೆ ಹೋದ ದಿನ ಅಕ್ಕ ಒಬ್ಬಳೇ ಮಾಡಿಕೊಂಡು ತಿನ್ನುತ್ತಿದ್ದಳು. ರಿಟೈರ್ ಆದ ಮೇಲೆ ಡ್ಯೂಟಿಯೂ ಇಲ್ಲ, ಬದನೆಕಾಯಿಯೂ ಇಲ್ಲ.

ಅದಕ್ಕೇ ನಾನು ಪ್ಲಾನ್ ಮಾಡಿದ್ದೆ. ಇಡ್ಲಿ ದೋಸೆ ಕೇದಾರ ಘಾಟಿನಲ್ಲೇ ಸಿಗುತ್ತದೆ, ಅದನ್ನು ತಿನ್ನಲು ಹಾಸನದಿಂದ ಬರಬೇಕೇ? ಕಂಟೋನ್ಮೆಂಟ್ ಕಡೆ ಹೋಗುವ ದಾರಿಯಲ್ಲಿ ಬಾಟಿ-ಚೋಖಾ ಮಾಡುವ ಒಂದು ಪುಟ್ಟ ಹೋಟೆಲ್ ಇದೆ. ಗೋಧಿ ಉಂಡೆಯನ್ನು ಬೆರಣಿಯ ಕೆಂಡದಲ್ಲಿ ಸುಟ್ಟು ತುಪ್ಪದಲ್ಲಿ ಅದ್ದಿ ಕೊಟ್ಟರೆ ಅದು ಬಾಟಿ. ಅದೇ ಕೆಂಡದಲ್ಲಿ ಬದನೆಕಾಯಿ ಸುಟ್ಟು, ಸಿಪ್ಪೆ ತೆಗೆದು, ಹಸಿಮೆಣಸು, ಹಸಿ ಸಾಸಿವೆ ಎಣ್ಣೆ ಹಾಕಿ ಹಿಸುಕಿದರೆ ಚೋಖಾ. ಕೇಳಿದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆಯೂ ಮಾಡಿಕೊಡುತ್ತಾರೆ. ಹೆಚ್ಚುಕಡಿಮೆ ನಮ್ಮಮ್ಮನ ಗೊಜ್ಜೇ. ಅಕ್ಕನಿಗೆ ಮೊದಲೇ ಹೇಳಿರಲಿಲ್ಲ. ಬಾಯಿಗಿಟ್ಟಾಗ ಅವಳ ಮುಖ ನೋಡಬೇಕಿತ್ತು ನನಗೆ, ಅಷ್ಟೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಟೆವು. ನಾನು, ನಮ್ಮವರು, ಕಾಲೇಜಿಗೆ ಹೋಗುವ ಮಗಳು ಮಾನಸ, ಅಕ್ಕ, ಭಾವ. (ನಮ್ಮವರು ಹೊರಗೆ ಉಣ್ಣುವುದಿಲ್ಲ. ಮಣ್ಣಿನ ಕುಡಿಕೆಯಲ್ಲಿ ಲಸ್ಸಿ ಹಿಡಿದು ಕೂರುತ್ತಾರೆ. ಲಸ್ಸಿಗೆ ಮಡಿಯಲ್ಲಿ ಹೇಗೆ ರಿಯಾಯಿತಿ ಸಿಕ್ಕಿತೋ ನಾನು ಕೇಳಿಲ್ಲ.)

ಎಲೆ ಬಂತು, ಬಾಟಿ ಬಂತು, ಒಬ್ಬೊಬ್ಬರಿಗೂ ಒಂದೊಂದು ದೊನ್ನೆಯಲ್ಲಿ ಚೋಖಾ ಬಂತು. ಭಾವ ಮೊದಲು ಶುರುಮಾಡಿದರು. ಬಾಟಿ ಮುರಿದು ಅದ್ದಿ ತಿಂದರು. ಮತ್ತೆ ಅದ್ದಿದರು. ದೊನ್ನೆ ಖಾಲಿಯಾಯಿತು.

‘ಬಹಳ ಸೊಗಸಾಗಿದೆ. ಏನಿದು?’

ಮಾನಸ ಬನಾರಸದಲ್ಲೇ ಹುಟ್ಟಿದವಳು. ಅವಳ ಕನ್ನಡದಲ್ಲಿ ಅರ್ಧ ಹಿಂದಿ. ‘ಬೈಂಗನ್, ದೊಡ್ಡಪ್ಪ. ಬೈಂಗನ್ ಅಂದ್ರೆ… ಹಾಂ, ಬದನೆಕಾಯಿ’ ಎಂದಳು.

ಅಕ್ಕನ ಕೈ ದೊನ್ನೆಯ ಹತ್ತಿರ ಹೋಗಿತ್ತು. ಆಗಲೇ ಭಾವ ಅದನ್ನು ಎತ್ತಿಕೊಂಡದ್ದು.

‘ಏನು ಬಿಟ್ಟಿದ್ದಾಳೆ?’ ನಾನು ಕೇಳಿದೆ.

‘ಬದನೆಕಾಯಿ. ಬೆಳಿಗ್ಗೆ ಗಂಗೆಯಲ್ಲಿ ನೀರು ಬಿಟ್ಟಾಯ್ತಲ್ಲ’ ಎಂದರು ಭಾವ.

ಕಾಶಿಗೆ ಬಂದವರು ಇಷ್ಟವಾದ ಒಂದು ತಿನಿಸನ್ನು ಜನ್ಮಪೂರ್ತಿ ತ್ಯಾಗ ಮಾಡುವ ಪದ್ಧತಿ ನಿಮಗೆ ಗೊತ್ತೇ ಇದೆ. (ಅದನ್ನು ಗಯೆಯಲ್ಲಿ ಬಿಡಬೇಕೋ ಕಾಶಿಯಲ್ಲೋ ಎಂಬ ಜಗಳ ಬೇರೆ ಇದೆ. ಅದು ಇವತ್ತು ಬೇಡ.) ಇಷ್ಟವಾದದ್ದು ಎಂಬ ಮಾತನ್ನು ಮಾತ್ರ ಎಲ್ಲರೂ ಮೆಲ್ಲಗೆ ನುಂಗಿಬಿಡುತ್ತಾರೆ. ನಮ್ಮವರು ‘ಏನು ಬಿಡುತ್ತೀರಿ?’ ಎಂದು ಕೇಳಿದರೆ ಗಂಡಸರ ಬಾಯಲ್ಲಿ ಬರುವುದು ಸಾಮಾನ್ಯವಾಗಿ ಒಂದೇ ಉತ್ತರ: ಹಾಗಲಕಾಯಿ. ಹೀಗೆ ಬಿಟ್ಟ ಹಾಗಲಕಾಯಿಯನ್ನೆಲ್ಲ ಒಟ್ಟು ಹಾಕಿದ್ದರೆ ಗಂಗೆ ಇಷ್ಟು ಹೊತ್ತಿಗೆ ಕಹಿಯಾಗಬೇಕಿತ್ತು.

ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ, ಘಾಟಿಗೆ ಹೋಗಿರಲಿಲ್ಲ. ಅಲ್ಲಿ ನಡೆದದ್ದು ಗೊತ್ತಾಗಿದ್ದು ಈ ಊಟದ ಮುಂದೆ. ಭಾವ ಹೇಳಿದರಂತೆ: ‘ನನ್ನದು ಹಾಗಲಕಾಯಿ. ಇವಳದು ಬದನೆಕಾಯಿ.’ ಮುಗಿಯಿತು. ಅಕ್ಕನನ್ನು ಯಾರೂ ಕೇಳಲಿಲ್ಲ. ಅಂದಹಾಗೆ ಭಾವನಿಗೆ ಶುಗರ್ ಇದೆ. ದಿನಾ ಹಾಗಲಕಾಯಿ ಜ್ಯೂಸ್ ಕುಡಿಯಿರಿ ಎಂದು ಡಾಕ್ಟರ್ ಹೇಳಿದ್ದಾರೆ. ಪುಣ್ಯಕ್ಕೆ ಪುಣ್ಯವೂ ಬಂತು, ಜ್ಯೂಸೂ ತಪ್ಪಿತು. ಎಂಥ ತ್ಯಾಗ ನೋಡಿ.

‘ಅವಳದನ್ನು ನೀವು ಯಾಕೆ ಹೇಳಿದಿರಿ ಭಾವ?’

‘ಇಷ್ಟವಾದದ್ದನ್ನೇ ಬಿಡಬೇಕು ಅಂತ ಶಾಸ್ತ್ರ ಇದೆಯಮ್ಮ. ಅವಳಿಗೇನು ಇಷ್ಟ ಅಂತ ನನಗೆ ಗೊತ್ತಿಲ್ವೇ?’

ಗೊತ್ತಿದೆ. ಮೈಯೆಲ್ಲ ಉರಿದದ್ದು ಅದಕ್ಕೇ. ಇಷ್ಟು ವರ್ಷ ಅವಳ ಇಷ್ಟ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅದು ನೆನಪಾದದ್ದು ಬಿಡಿಸುವುದಕ್ಕೆ ಮಾತ್ರ.

‘ಹಾಗಾದರೆ ನಿಮಗೆ ಇಷ್ಟವಾದದ್ದು ಹಾಗಲಕಾಯಿಯೋ? ಕಾಫಿ ಬಿಡಬಹುದಿತ್ತಲ್ಲ?’

‘ಕಾಫಿ ಏನು ತರಕಾರಿಯೇ?’ ಎಂದರು ಹೆಡ್‌ಮಾಸ್ತರರು. ಹಾಗೆ ಹೇಳುತ್ತಲೇ ಬಾಟಿಯನ್ನು ಅಕ್ಕನ ದೊನ್ನೆಯಲ್ಲಿ ಅದ್ದಿದರು.

‘ನಂಜಲ್ವೇ ಭಾವ?’

‘ಸುಟ್ಟರೆ ನಂಜು ಹೋಗುತ್ತೆ.’

ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನನ್ನ ದನಿ ಏರಿತ್ತು. ಏರಲಿ. ನಮ್ಮವರ ಕಡೆ ತಿರುಗಿದೆ. ‘ನೀವಾದರೂ ಅವಳನ್ನು ಕೇಳಬಾರದಿತ್ತೇ?’

‘ಏನು ಬಿಡುತ್ತೀರಿ ಅಂತ ಕೇಳಿದೆ. ಇಬ್ಬರದೂ ನಿಮ್ಮ ಭಾವನೇ ಹೇಳಿದರು. ಶಾರದಕ್ಕ ಸುಮ್ಮನಿದ್ದರು.’

‘ಸುಮ್ಮನಿದ್ದರೆ ಒಪ್ಪಿದ ಹಾಗೆಯೇ? ನಮ್ಮನೆಯಲ್ಲಿ ನಾನು ಸುಮ್ಮನಿದ್ದರೆ ನಿಮಗೆ ಭಯವಾಗುತ್ತೆ, ಘಾಟಿನಲ್ಲಿ ಅದು ಒಪ್ಪಿಗೆಯೋ?’

ಅವರು ಕುಡಿಕೆ ಕೆಳಗಿಟ್ಟರು. ಒಳ್ಳೆಯ ಮನುಷ್ಯ, ತಪ್ಪಾದರೆ ಮುಖದಲ್ಲೇ ಗೊತ್ತಾಗುತ್ತದೆ. ಅಕ್ಕನಿಗೆ ಹೇಳಿದರು: ‘ಶಾರದಕ್ಕ, ಮನಸ್ಸಿಲ್ಲದೆ ಬಿಟ್ಟದ್ದು ಬಿಟ್ಟ ಹಾಗಲ್ಲ. ನೀವು ತಿನ್ನಿ. ದೋಷ ಬಂದರೆ ಕೇಳದೆ ಮಾಡಿಸಿದ ನನಗೆ ಬರಲಿ.’

ನನ್ನ ಪಾಲಿನ ದೊನ್ನೆಯನ್ನು ಅವಳ ಮುಂದೆ ತಳ್ಳಿದೆ. ಮಾನಸ ಬಾಟಿ ಮುರಿದು ಅವಳ ಕೈಗೆ ಕೊಟ್ಟಳು. ಅಕ್ಕ ದೊನ್ನೆ ನೋಡಿದಳು, ಭಾವನನ್ನು ನೋಡಿದಳು. ಬಾಟಿಯನ್ನು ಎಲೆಯ ಮೇಲಿಟ್ಟಳು.

‘ಬೇಡ ಬಿಡೇ. ನೀರು ಬಿಟ್ಟ ಕೈ ನನ್ನದೇ ತಾನೇ.’

ಹೋಟೆಲಿನ ಮಾಲೀಕರು ನಮ್ಮ ಗಲಾಟೆ ಕೇಳಿ ಬಂದು ನಿಂತಿದ್ದರು. ತುಂಬಿದ ದೊನ್ನೆ ನೋಡಿ ಅವರಿಗೆ ಬೇಜಾರು. ‘ಕಾ ಹುಆ ಮಾತಾಜಿ, ಅಚ್ಛಾ ನಹೀಂ ಲಗಾ?’ ಏನಾಯ್ತು, ಹಿಡಿಸಲಿಲ್ಲವೇ ಎಂದು ಕೇಳಿದರು.

‘ಅಚ್ಛಾ ಹೈ, ಅಚ್ಛಾ ಹೈ’ ಎಂದಳು ಅಕ್ಕ. ಅವಳಿಗೆ ಬರುವ ಹಿಂದಿ ಅಷ್ಟೇ. ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ.

ಏಳುವಾಗ ಭಾವ ಕೈ ಒರೆಸಿಕೊಳ್ಳುತ್ತಾ ಹೇಳಿದರು: ‘ಹೇಗೆ ಮಾಡ್ತಾರೆ ಕೇಳಿಕೋ ಶಾರದಾ. ಊರಿಗೆ ಹೋದ ಮೇಲೆ ಮಾಡು.’

ನೀವೇ ಹೇಳಿ, ಇಂಥವರ ಜೊತೆ ಒಂದೇ ಆಟೋದಲ್ಲಿ ಹೇಗೆ ಕೂರುವುದು? ನಾನು ಮಾನಸಳನ್ನು ಕರೆದುಕೊಂಡು ಬೇರೆ ಆಟೋದಲ್ಲಿ ಮನೆಗೆ ಬಂದೆ.

ಓದುಗ ಮಹಾಶಯರೇ, ವ್ರತ ಬೇಡ ಎನ್ನಲು ನಾನು ಯಾರು? ವ್ರತದಿಂದಲೇ ನಮ್ಮನೆ ಒಲೆ ಉರಿಯುವುದು. ಬಿಡುವವರು ಬಿಡಲಿ, ಸಂತೋಷ. ಆದರೆ ಬಿಡುವಾಗ ಕೈ ನಿಮ್ಮ ತಟ್ಟೆಯ ಮೇಲಿರಲಿ, ಹೆಂಡತಿಯ ತಟ್ಟೆಯ ಮೇಲಲ್ಲ. ಅವಳಿಂದ ಬಿಡಿಸಬೇಕಾದ್ದು ಇನ್ನೇನು ಉಳಿದಿದೆ ಅಂತ ಕಾಶಿಯವರೆಗೂ ಕರೆತರುತ್ತೀರಿ? ತೌರಿನ ಹಬ್ಬ ಬಿಟ್ಟಿದ್ದಾಳೆ, ಮಧ್ಯಾಹ್ನದ ನಿದ್ದೆ ಬಿಟ್ಟಿದ್ದಾಳೆ, ಬಿಸಿ ಊಟವನ್ನಂತೂ ಮದುವೆಯಾದ ಮಾರನೇ ದಿನವೇ ಬಿಟ್ಟಿದ್ದಾಳೆ. ಅದಕ್ಕೆಲ್ಲ ಸಂಕಲ್ಪವನ್ನು ಯಾರೂ ಹೇಳಿಸಲಿಲ್ಲ.

ನಮ್ಮವರು ಅಂದಿನಿಂದ ಒಂದು ಬದಲಾವಣೆ ಮಾಡಿಕೊಂಡಿದ್ದಾರೆ. ಹೆಂಗಸರನ್ನು ಮೊದಲು ಕೇಳುತ್ತಾರೆ, ಗಂಡ ಬಾಯಿ ಹಾಕಿದರೆ ‘ನಿಮ್ಮದು ಆಮೇಲೆ’ ಎನ್ನುತ್ತಾರೆ. ಒಳ್ಳೆಯದೇ. ಅಕ್ಕನಿಗೆ ಮಾತ್ರ ಅದು ತಡವಾಯಿತು.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ‘ಚೋಖಾ ಮಾಡಿದ್ದೆ ಕಣೆ. ಅವರಿಗೆ ಹಿಡಿಸಿತು, ಎರಡು ಸಲ ಹಾಕಿಸಿಕೊಂಡರು.’

‘ನೀನು?’

‘ಸುಡುವಾಗ ಮನೆಯೆಲ್ಲ ಘಮ್ ಅಂತಿತ್ತು. ಥೇಟ್ ಅಮ್ಮನ ಅಡುಗೆಮನೆ. ಒಲೆ ಮುಂದೆ ಸುಮ್ಮನೆ ನಿಂತುಕೊಂಡಿದ್ದೆ.’

ಹಾಸನದ ಓದುಗರೇ, ದಯವಿಟ್ಟು ಇದನ್ನು ನಮ್ಮ ಭಾವನ ಕಿವಿಗೆ ಹಾಕಬೇಡಿ. ಆ ವಾಸನೆಯನ್ನೂ ಬಿಡಿಸಲು ಮತ್ತೆ ಕಾಶಿಗೆ ಟಿಕೆಟ್ ತೆಗೆದಾರು.