ವೈನಿ ಬಿಚ್ಚಿದ ಇಂಜಿನ್

ವೈನಿಯ ಉಗುರುಗಳ ಅಂಚಿನಲ್ಲಿ ಸದಾ ಕರಿ ಜಿಡ್ಡಿನ ಗೆರೆ ಇರುತ್ತಿತ್ತು. ಎಷ್ಟು ಬೂದಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ನಮ್ಮವ್ವ ಮೂಗು ಮುರಿದರೆ, "ಒಲ್ಲದವ್ರು ಉಣಬ್ಯಾಡ್ರಿ" ಎಂದು ತಿರುಗಿಯೂ ನೋಡದೆ ಅನ್ನುತ್ತಿದ್ದಳು.

ನನ್ನ ನಡುವಿನಣ್ಣನ ಹೆಂಡತಿ ಆಕೆ. ಅಣ್ಣ ವಿಜಾಪುರದಿಂದ ತಿಕೋಟಾ, ಬಬಲೇಶ್ವರದ ಕಡೆಗೆ ಬಾಡಿಗೆ ಕಾರು ಓಡಿಸುತ್ತಿದ್ದ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮನೆ. ಅಂಗಳದ ಬೇವಿನ ಮರದ ಕೆಳಗೆ ಕಾರು. ಕಾರು ಕೆಟ್ಟಾಗ ಅಣ್ಣ ಅದರಡಿ ಮಲಗಿದರೆ ವೈನಿ ಬೋಲ್ಟು ತಿರುಗಿಸುವ ಪಾನಾ ಕೊಡುತ್ತಿದ್ದಳು. ಬರಬರುತ್ತ ಆಕೆ ಮಲಗಿ ಅಣ್ಣ ಕೊಡುವಂತಾಯಿತು. "ನಿಮ್ಮಣ್ಣಗ ತಾಳ್ಮಿಲ್ಲ, ಬೋಲ್ಟ್ ಮುರೀತಾನ" ಎನ್ನುತ್ತಿದ್ದಳು. ಹಳೆಯ ಇಂಜಿನ್ ಸತ್ತಾಗ ತವರಿನ ಬಂಗಾರದ ಪಾಟ್ಲಿ ಮಾರಿ ಡೀಸೆಲ್ ಇಂಜಿನ್ ತರಿಸಿದವಳೂ ಆಕೆಯೇ. ಇಬ್ಬರೂ ಮನೆಯಲ್ಲೇ ಅದನ್ನು ಕೂರಿಸಿದ್ದರು.

ಎಪ್ಪತ್ತರ ದಶಕದ ನಡುವೆ ಅಣ್ಣ ಮೂರೇ ದಿನದ ಜ್ವರದಲ್ಲಿ ತೀರಿಕೊಂಡ. ಕಾಗದದಲ್ಲಿ ಕಾರು ದೊಡ್ಡಣ್ಣನ ಹೆಸರಿಗಿತ್ತು. ಹನ್ನೊಂದು ದಿನ ತುಂಬಲಿಕ್ಕೂ ಕಾಯದೆ ಅವನು, ಕಾರು ಒಯ್ಯುತ್ತೇನೆಂದು ವೈನಿಗೆ ಹೇಳಿ ಕಳಿಸಿದ. ನಾನು ಆಗ ತಿಕೋಟಾದ ಸಾಲಿ ಮಾಸ್ತರ, ಅಲ್ಲಿ ದೊಡ್ಡಣ್ಣನ ಮನೆಯಲ್ಲೇ ಇದ್ದವನು. "ನೀ ಮುಂದ ಹೋಗಿ ಚಾವಿ ಇಸಗೊ, ನಾ ಡ್ರೈವರನ ಕರ್ಕೊಂಡು ಬರ್ತೀನಿ" ಎಂದ. ನಾನು ಹೋದೆ. ಹೋದೆನಲ್ಲ ಎಂದು ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಅಂಗಳದಲ್ಲಿ ಕಾರಿನ ಬಾನೆಟ್ಟು ಗೋಡೆಗೆ ಒರಗಿತ್ತು. ರೇಡಿಯೇಟರ್ ಕೆಳಗಿಳಿದಿತ್ತು. ಬೇವಿನ ಕೊಂಬೆಗೆ ಇಂಜಿನ್ ಎತ್ತುವ ಚೈನ್ ಪುಲ್ಲಿ ತೂಗುತ್ತಿತ್ತು. ಸೊಲ್ಲಾಪುರ ರಸ್ತೆಯ ಮಿಸ್ತ್ರಿ ಅದನ್ನು ಕೊಟ್ಟು, ಮನೆ ಜಗಳಕ್ಕೆ ತಾನು ಬರುವುದಿಲ್ಲವೆಂದು ಹೋಗಿಬಿಟ್ಟಿದ್ದ. ಬಿಚ್ಚಿದ ಬೋಲ್ಟುಗಳನ್ನು ವೈನಿ ಅಣ್ಣನ ಊಟದ ತಾಟಿನಲ್ಲಿ ಸಾಲಾಗಿ ಇಟ್ಟಿದ್ದಳು.

"ಚಾವಿಗೆ ಬಂದಿ ಹೌದಲ್ಲ? ಅಲ್ನೋಡು, ಗೂಟಕ್ಕೈತಿ. ಇಂಜಿನ್ ನಂದು, ಬಿಚ್ಚಾಕತ್ತೇನಿ. ನಿಲ್ಲೂದಿದ್ರ ಸರಪಳಿ ಹಿಡಿ, ಇಲ್ಲಂದ್ರ ಹಾದಿ ಬಿಡು."

ನಾನು ಸರಪಳಿ ಹಿಡಿದೆ. ಗೇರ್ ಬಾಕ್ಸಿನ ಕೆಳಗೆ ಕಲ್ಲು ಕೊಟ್ಟು ಆಕೆ ಅದನ್ನು ಬೇರೆ ಮಾಡಿದಳು. ಕೊನೆಯ ಬೋಲ್ಟು ಬಿಡಲಿಲ್ಲ. ಸುತ್ತಿಗೆಯಿಂದ ಹೊಡೆದಳು, ಮತ್ತೆ ಹೊಡೆದಳು. ಆ ಏಟು ಬೋಲ್ಟಿಗಷ್ಟೇ ಅಲ್ಲವೆಂದು ನನಗೆ ಗೊತ್ತಾಗುತ್ತಿತ್ತು. "ಹೂಂ, ಜಗ್ಗು" ಎಂದಳು. ಜಗ್ಗಿದೆ. ಇಂಜಿನ್ ಮೆಲ್ಲಗೆ ಮೇಲೆದ್ದಿತು.

ಅಷ್ಟರಲ್ಲಿ ದೊಡ್ಡಣ್ಣ ಬಂದ. "ಗಂಡ ಸತ್ತು ಹತ್ತ ದಿನ ಆಗಿಲ್ಲ, ಏನ್ ಹಚ್ಚೀಬೇ ಇದು?"

"ಹತ್ತ ದಿನ ಆಗಿಲ್ಲರಿ, ಗಾಡಿಗೆ ಬಂದೀರಿ. ಒಯ್ಯರಿ, ಗಾಡಿ ನಿಮ್ಮದು. ದೂಡಿಕೊಂಡು ಒಯ್ಯರಿ."

ಆಗ ದೊಡ್ಡಣ್ಣ ಆಕೆಯ ನಡತೆಯ ಮೇಲೆ ಒಂದು ಮಾತಾಡಿದ. ಅದನ್ನು ಇಲ್ಲಿ ಬರೆಯಲಾರೆ. ಸರಪಳಿ ಬಿಟ್ಟರೂ ಇಂಜಿನ್ ಬೀಳುತ್ತಿರಲಿಲ್ಲ, ಪುಲ್ಲಿ ತಾನೇ ಹಿಡಿದಿರುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ಸರಪಳಿಯ ನೆವ ಮಾಡಿಕೊಂಡು ಬಾಯಿ ಮುಚ್ಚಿ ನಿಂತೆ.

ವೈನಿ ಮಗಳನ್ನು ಕರೆದುಕೊಂಡು ತವರಿಗೆ, ಬಬಲೇಶ್ವರಕ್ಕೆ ಹೋದಳು. ಅದೇ ಇಂಜಿನ್ನಿಗೆ ಬೆಲ್ಟು ಹಾಕಿ ಹಿಟ್ಟಿನ ಗಿರಣಿ ನಡೆಸಿದಳು, ಮಗಳನ್ನು ಓದಿಸಿದಳು. ನಾನು ಹೋದರೆ ಚಹಾ ಕೊಡುತ್ತಿದ್ದಳು, ಆದರೆ ನಕ್ಕು ಮಾತಾಡಿದ್ದಿಲ್ಲ. ಒಮ್ಮೆ ತಪ್ಪಾಯಿತೆಂದು ಹೇಳಿಕೊಂಡೆ. "ಅವರು ಅಂದದ್ದು ಮರ್ತೇನಿ, ತಮ್ಮಾ. ನೀ ಸುಮ್ಮನಿದ್ದದ್ದು ಮರಿಯಾಕ ಆಗವಲ್ದು" ಎಂದಳು.

ಕೆಲವು ವರ್ಷಗಳ ಹಿಂದೆ ಆಕೆ ತೀರಿಕೊಂಡಳು. ಮಣ್ಣು ಮಾಡಿ ಬಂದು ಕೂತಾಗ ಮುದುಕನಾದ ದೊಡ್ಡಣ್ಣ ಊರವರೆದುರು, "ನಮ್ಮ ಮನೆತನದ ಹೆಣ್ಮಗಳು, ಒಬ್ಬಾಕಿನೇ ಬದುಕಿ ತೋರ್ಸಿದ್ಲು" ಎಂದು ಕಣ್ಣೊರೆಸಿಕೊಂಡ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಅಂದು ಅಂಗಳದಲ್ಲಿ ನಡೆದದ್ದೆಲ್ಲ ಹೇಳಿದೆ, ಅವನಾಡಿದ ಮಾತನ್ನೂ ಬಿಡದೆ ಹೇಳಿದೆ. ಎಲ್ಲರೂ ಕೇಳಿದರು. ಕೇಳಬೇಕಾಗಿದ್ದ ಒಬ್ಬಳನ್ನು ಆಗಷ್ಟೇ ಹೂತು ಬಂದಿದ್ದೆವು.