ಬಟಾಟಿಯೋ, ಬೀನ್ಸೋ?

ಸ್ನೇಹಿತರೇ, ಇಂದು ಮಧ್ಯಾಹ್ನ ಪುಣೆಯ ನಮ್ಮ ಮನೆಯಲ್ಲಿ ಒಂದು ತರಕಾರಿಗಾಗಿ ಜಗಳವೇ ಆಯಿತು. ಕೊಟ್ಟ ಅಕ್ಷರದಿಂದ ಹೆಸರು, ಊರು, ತರಕಾರಿ ಬರೆಯುವ ಆಟ. ಕನ್ನಡ ಪದಕ್ಕೆ ಮಾತ್ರ ಅಂಕ, ಸೋತವರು ಚಹಾದ ಪಾತ್ರೆ ತಿಕ್ಕಬೇಕು. ಕೊನೆಯ ಸುತ್ತಿಗೆ ಬಂದ ಅಕ್ಷರ ‘ಬ’.

ವಿಜಯಪುರದ ನಮ್ಮ ಅತ್ತೆ ‘ಬಟಾಟಿ’ ಎಂದು ಬರೆದಿದ್ದರು. ಮೇಲಿನ ಮನೆಯ ಬೆಂಗಳೂರಿನ ರಮೇಶ್ ಒಪ್ಪಲಿಲ್ಲ.

“ಆಂಟಿ, ಅದು ಮರಾಠಿ. ಕನ್ನಡದಲ್ಲಿ ಆಲೂಗಡ್ಡೆ.”

“ನಮ್ಮವ್ವನ ಕಾಲದಿಂದ ಬಟಾಟಿ ಪಲ್ಯಾನ ತಿಂದೀವ್ರಿ. ಆಲೂ ಅನ್ನೂದು ಹಿಂದಿ ಅಲ್ಲೇನ್ರಿ?”

ಫೋನಿನಲ್ಲಿ ಹುಡುಕಿದರೆ, ಬಟಾಟಿ ಪೋರ್ಚುಗೀಸರ ಜೊತೆ ಬಂದ ಪದವಂತೆ. ರಮೇಶ್ ಗೆದ್ದವರಂತೆ ನಕ್ಕರು. ಅತ್ತೆ ಅವರ ಹಾಳೆ ಎಳೆದುಕೊಂಡು ನೋಡಿದರು. ಅಲ್ಲಿದ್ದದ್ದು ‘ಬೀನ್ಸ್’.

“ಇದು ಯಾವೂರ ಕನ್ನಡಾರೀ?”

“ನಮ್ಮ ಕಡೆ ಎಲ್ರೂ ಹಾಗೇ ಅಂತಾರೆ, ಆಂಟಿ!”

“ನಮ್ಮ ಕಡೀನೂ ಎಲ್ಲಾರೂ ಬಟಾಟಿನ ಅಂತಾರ್ರಿ!”

ಇಬ್ಬರೂ ನಕ್ಕು, ಹತ್ತತ್ತು ಅಂಕ ಹಾಕಿಕೊಂಡು ರಾಜಿಯಾದರು. ಈ ಗದ್ದಲದಲ್ಲಿ ನನ್ನ ಹಾಳೆ ನೋಡುವುದು ಯಾರಿಗೂ ನೆನಪಾಗಲಿಲ್ಲ, ಅಂಕವೂ ಬೀಳಲಿಲ್ಲ. ತಕರಾರೇ ಇಲ್ಲದ ‘ಬದನೆಕಾಯಿ’ ಬರೆದಿದ್ದ ನಾನು, ಈಗಷ್ಟೇ ಪಾತ್ರೆ ತಿಕ್ಕಿ ಬಂದು ಕೂತಿದ್ದೇನೆ.